ಕಿತ್ತುಹೋಗುವ ದಾರ

ನಮ್ಮ ಅಂಗಡಿಯಲ್ಲಿ ಹೊಲಿದದ್ದು ವಾಪಸ್ ಬರುವುದಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಎದುರಿನ ಚಪ್ಪಲಿ ಅಂಗಡಿಯವನು ಸೊಂಟದ ಮೇಲೆ ಕೈಯಿಟ್ಟು ನನ್ನ ದನಿಯಲ್ಲೇ ಅದನ್ನು ಅಣಕಿಸಿ ತೋರಿಸುತ್ತಾನೆ. ತೋರಿಸಲಿ ಬಿಡಿ. ಪ್ಯಾಂಟಿನ ಕಾಲು ಮೋಟು ಮಾಡಿಸಲಿ, ಕೋಟಿಗೆ ಜಿಪ್ಪು ಹಾಕಿಸಲಿ, ಕೌದಿ ಹೊಲಿಸಲಿ, ನನ್ನ ಮಿಷಿನ್ನಿನ ಕೆಳಗೆ ಹೋಗಿ ಬಂದ ಮೇಲೆ ಬಟ್ಟೆ ಚಿಂದಿಯಾಗಬೇಕೇ ಹೊರತು ಹೊಲಿಗೆ ಬಿಡಬಾರದು. ಅದಕ್ಕೇ ನಾನು ಪಾಲಿಯೆಸ್ಟರ್ ದಾರದವಳು. ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದರೆ ಹಲ್ಲು ಅಲ್ಲಾಡುತ್ತದೆ, ದಾರ ಅಲ್ಲಾಡುವುದಿಲ್ಲ.

ನನ್ನ ಅಕ್ಕ ಹತ್ತಿ ದಾರದವಳು. ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಮುಂದಿನ ಕೋಣೆ ಅಂಗಡಿ, ಅದು ನನ್ನದು. ಹಿಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಚಾಪೆ ಹಾಸಿ, ಕಾಲು ನೀಡಿ ಕೂತು, ಅವಳು ಕೈಯಲ್ಲೇ ಕೌದಿ ಹೊಲಿಯುತ್ತಾಳೆ. ದಾರವನ್ನು ಮೇಣದ ತುಂಡಿನ ಮೇಲೆ ಎಳೆದು, ಬೆರಳಲ್ಲಿ ತೀಡಿ, ಸೂಜಿಗೆ ಪೋಣಿಸುವಷ್ಟರಲ್ಲಿ ನಾನು ಎರಡು ಪ್ಯಾಂಟು ಮುಗಿಸಿರುತ್ತೇನೆ.

"ದಾರ ಅನ್ನೋದು ಬಟ್ಟೆಗಿಂತ ಒಂದೆಳೆ ಮೆತ್ತಗಿರ್ಬೇಕು ಕಣೇ," ಅನ್ನುತ್ತಾಳೆ. "ಎಳೆದಾಟ ಬಂದಾಗ ಸೋಲ್ಬೇಕಾದ್ದು ದಾರ, ಬಟ್ಟೆ ಅಲ್ಲ."

"ಸೋಲೋದಕ್ಕೆ ದಾರ ಯಾಕೆ ಬೇಕು? ಅನ್ನದ ಅಗುಳಲ್ಲಿ ಅಂಟಿಸಿ ಕೊಡು," ಅನ್ನುತ್ತೇನೆ ನಾನು.

ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಬೀದಿಯವರು ನಮಗೆ ಸೂಜಿ-ದಾರ ಅಂತ ಹೆಸರಿಟ್ಟಿದ್ದಾರೆ. ಸೂಜಿ ಯಾರು ಅಂತ ಹೇಳಬೇಕಾಗಿಲ್ಲ.

ಹೀಗಿರುವಾಗ ನಮ್ಮ ಮನೆಗೆ ಗುಂಡಿ ಬಂದಳು. ಅದು ನಾನಿಟ್ಟ ಹೆಸರು. ಕೋಟಿನ ದೊಡ್ಡ ಗುಂಡಿಯ ಹಾಗೆ ಗುಂಡು ಮುಖ, ಗುಂಡು ಕಣ್ಣು. ಐದು ವರ್ಷದ ಮಗು. ನನ್ನ ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ, ಸೊಸೆ ಬೇಕರಿಯಲ್ಲಿ ಬೆಳಗಿನ ಪಾಳಿ. ಮದುವೆಯಾಗಿ ಬಹಳ ವರ್ಷ ಕಾದು, ಕಾದದ್ದು ಸಾಕು ಅಂತ ಇಬ್ಬರೂ ಸೇರಿ ಮಕ್ಕಳ ಆಶ್ರಮದಿಂದ ಅವಳನ್ನು ದತ್ತು ತಂದರು. ತರುವ ದಿನವೇ ಅಲ್ಲಿಯವರು ಒಂದು ವಿಷಯ ಹೇಳಿದ್ದರು. ಹಿಂದೆ ಒಂದು ಮನೆಯವರು ಇವಳನ್ನು ಕರೆದುಕೊಂಡು ಹೋಗಿ, ಚಳಿಗಾಲ ಕಳೆಯುವ ಮೊದಲೇ ವಾಪಸ್ ತಂದು ಬಿಟ್ಟಿದ್ದರಂತೆ.

ಕೇಳಿ ನನಗೆ ಮೈಯೆಲ್ಲ ಉರಿಯಿತು. "ಅಂಗಿನಾ ಅದು? ಅಳತೆ ಸರಿಯಾಗ್ಲಿಲ್ಲ ಅಂತ ವಾಪಸ್ ಕೊಡೋಕೆ?" ಅಂತ ಕೂಗಾಡಿದೆ. ಮಗ ತುಟಿಯ ಮೇಲೆ ಬೆರಳಿಟ್ಟ. ಮಗು ಬಾಗಿಲ ಹಿಂದೆಯೇ ನಿಂತಿತ್ತು.

ಗುಂಡಿ ಹಟ ಮಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ. ಕೊಟ್ಟರೆ ತಿನ್ನುತ್ತಿದ್ದಳು, ಕೊಡದಿದ್ದರೆ ಕೂತಿರುತ್ತಿದ್ದಳು. ಬಂದವರೆಲ್ಲ "ಎಷ್ಟು ಒಳ್ಳೆ ಮಗು!" ಅಂದು ಕೆನ್ನೆ ಹಿಂಡಿ ಹೋದರು. ಒಂದು ದಿನ ಸೆಖೆಯ ಮಧ್ಯಾಹ್ನ, ಅಡುಗೆಮನೆಯಲ್ಲಿ ನೀರಿನ ಜಗ್ಗಿನ ಪಕ್ಕದಲ್ಲೇ ಅವಳು ಕೂತಿದ್ದಳು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಸೊಸೆ ಕೆಲಸದಿಂದ ಬಂದವಳು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಮಗು ಉಸಿರು ಬಿಡದೆ ಗಟಗಟ ಕುಡಿಯಿತು. ಇನ್ನೊಂದು ಲೋಟ ಕೊಟ್ಟರೆ ಅದನ್ನೂ ಕುಡಿಯಿತು. ಬಾಯಿಬಿಟ್ಟು ಕೇಳಲಿಲ್ಲ.

ಸೊಸೆ ಅಂಗಡಿಗೆ ಬಂದು ನನ್ನ ಮಿಷಿನ್ನಿಗೆ ಒರಗಿ ನಿಂತಳು. ಬೇಕರಿಯ ಹಿಟ್ಟು ಇನ್ನೂ ಅವಳ ತಲೆಗೂದಲಲ್ಲಿತ್ತು.

"ಅತ್ತೆ, ಬಾಯಾರಿ ಸಾಯ್ತಿದ್ರೂ ಅವಳು ನನ್ನ ಹತ್ರ ನೀರು ಕೇಳಲ್ಲ. ಕೇಳಿದ್ರೆ ನಾವು ಕಳಿಸಿಬಿಡ್ತೀವಿ ಅಂದ್ಕೊಂಡಿದ್ದಾಳೆ. ನಾನು ಅಮ್ಮ ಅನ್ನಿಸ್ಕೊಳ್ಳೋದು ಹಾಗಿರ್ಲಿ, ಒಂದು ಲೋಟ ನೀರು ಕೇಳಿಸ್ಕೊಳ್ಳೋ ಯೋಗ್ಯತೆನಾದ್ರೂ ಬರುತ್ತಾ ನನಗೆ?"

ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ಮೊದ್ಲು ತಲೆ ತೊಳ್ಕೋ ಹೋಗು," ಅಂದೆ. ಅವಳು ಹೋದ ಮೇಲೆ ಒಬ್ಬ ಗಿರಾಕಿಯ ಅಂಗಿಯ ತೋಳನ್ನು ಕತ್ತಿನ ಜಾಗಕ್ಕೆ ಸೇರಿಸಿ ಹೊಲಿದು, ಪೂರ್ತಿ ಬಿಚ್ಚಬೇಕಾಯಿತು.

ಗುಂಡಿಯ ಹತ್ತಿರ ತನ್ನದು ಅನ್ನುವ ವಸ್ತು ಒಂದೇ ಇತ್ತು, ಒಂದು ಬಟ್ಟೆ ತುಂಡು. ಯಾವ ಕಾಲದಲ್ಲೋ ನೀಲಿ ಗೆರೆಯ ಹಾಸಿಗೆ ಹೊದಿಕೆ ಆಗಿದ್ದದ್ದು. ಕುದಿಯುವ ನೀರಲ್ಲಿ ಒಗೆದೂ ಒಗೆದೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಮಲಗುವಾಗ ಅದರ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡು ಮೆಲ್ಲಗೆ ಎಳೆಯುತ್ತ ಎಳೆಯುತ್ತ ನಿದ್ದೆ ಹೋಗುವುದು ಅವಳ ಅಭ್ಯಾಸ. ಹೀಗೆ ದಿನಾ ಎಳೆದರೆ ಬಟ್ಟೆ ಎಷ್ಟು ದಿನ ಬಂದೀತು? ನಾಲ್ಕೂ ಅಂಚು ಗೊಂಡೆಗೊಂಡೆಯಾಗಿ, ನಡುವೆ ಎರಡು ತೂತು ಬಿದ್ದಿದ್ದವು.

"ಇದನ್ನ ನಡುವೆ ಇಟ್ಟು ಅವಳಿಗೊಂದು ಕೌದಿ ಹೊಲಿದು ಕೊಡಿ ಅತ್ತೆ," ಅಂದಳು ಸೊಸೆ. "ಇದು ಪುಡಿಯಾಗಿ ಹೋದ್ರೆ ಅವಳಿಗೆ ಹಿಡ್ಕೊಳ್ಳೋಕೆ ಏನೂ ಉಳಿಯಲ್ಲ."

ಕೆಲಸ ಅಂದಮೇಲೆ ನನ್ನ ಮೈ ಹಗುರಾಯಿತು. ಗೋಡೆಯ ಮೊಳೆಯಿಂದ ನೀಲಿ ದಾರದ ಕೋನು ಇಳಿಸಿದೆ. "ಒಂದು ಎಳೆ ಕೂಡ ಅಲ್ಲಾಡದ ಹಾಗೆ ಕೂರಿಸ್ತೀನಿ ನೋಡ್ತಿರು. ಈ ಮಗು ಮತ್ತೆ ಯಾವ್ದೂ ಹರಿದು ಹೋಗಿದ್ದು ನೋಡ್ಬಾರ್ದು."

"ಪಾಲಿಯೆಸ್ಟರ್ ಹಾಕ್ಬೇಡ," ಅಂತ ಹಿಂದಿನ ಕೋಣೆಯಿಂದ ದನಿ ಬಂತು. ಅಕ್ಕನಿಗೆ ಕಿವಿ ಮಂದ ಅಂತ ಡಾಕ್ಟರು ಹೇಳುತ್ತಾರೆ. ದಾರದ ವಿಷಯ ಬಂದರೆ ಮಾತ್ರ ಗೋಡೆಯಾಚೆಯದೂ ಕೇಳಿಸುತ್ತದೆ.

ಶುರುವಾಯಿತು ಯುದ್ಧ. ಆ ಮಗು ದಿನಾ ಎಳೆಯುತ್ತದೆ, ಹತ್ತಿ ದಾರ ವಾರ ಬಾಳುವುದಿಲ್ಲ ಅಂದೆ ನಾನು. ಎಳೆಯುವುದರಿಂದಲೇ ಹತ್ತಿ ಬೇಕು ಅಂದಳು ಅವಳು. ನಾನು ಒಂದಂದರೆ ಅವಳು ಎರಡು. ಕೊನೆಗೆ ಸೊಸೆ ನಡುವೆ ಬಂದು, "ಬಾಯಲ್ಲಿ ಯಾಕೆ, ಕೈಯಲ್ಲೇ ಹೊಲಿದು ನೋಡಿ," ಅಂದಳು.

ಅಷ್ಟೇ ಸವೆದ ಹಳೇ ದಿಂಬಿನ ಚೀಲವೊಂದನ್ನು ಹುಡುಕಿದೆವು. ಅಕ್ಕ ಹೊಸ ಹತ್ತಿ ದಾರದ ಉಂಡೆ ತೆಗೆದಳು, ಆದರೆ ಅದನ್ನು ಮಾರಿದ ಅಂಗಡಿಯವನನ್ನು ನಂಬಲಿಲ್ಲ. ಹತ್ತಿ ಅಂತ ಹೆಸರು ಹೇಳಿ ಬೆರಕೆ ಕೊಡುವವರಿದ್ದಾರೆ. ಒಂದು ತುಂಡು ಕತ್ತರಿಸಿ ಬೆಂಕಿಕಡ್ಡಿ ಗೀರಿದಳು. ಭಗ್ಗನೆ ಉರಿದು ಬೂದಿಯಾಯಿತು, ಊದಿದರೆ ಹಾರಿಹೋಯಿತು. ನನ್ನ ದಾರಕ್ಕೂ ಬೆಂಕಿ ತಾಗಿಸಿದಳು. ಅದು ಉರಿಯುವ ಬದಲು ಮುದುಡಿಕೊಂಡು, ಕರಗಿ, ತುದಿಯಲ್ಲಿ ಕಪ್ಪು ಮಣಿಯಾಗಿ ನಿಂತಿತು. ಬಾಗಿಲ ಹತ್ತಿರ ಕೂತಿದ್ದ ಗುಂಡಿ ಎದ್ದು ಬಂದು ಆ ಮಣಿಯನ್ನು ಬಗ್ಗಿ ನೋಡಿದಳು. ಯಾರೂ ಕರೆಯದೆ ಅವಳು ಎದ್ದು ಬಂದದ್ದು ಅದೇ ಮೊದಲು. ಅಕ್ಕ ಕಂಡೂ ಕಾಣದ ಹಾಗೆ ಇನ್ನೆರಡು ಕಡ್ಡಿ ಸುಮ್ಮನೆ ಗೀರಿದಳು.

ಆಮೇಲೆ ದಿಂಬಿನ ಚೀಲದ ಒಂದು ಕಡೆ ಅವಳ ದಾರ, ಇನ್ನೊಂದು ಕಡೆ ನನ್ನ ದಾರ. ಎರಡೂ ಕಡೆಯನ್ನು ಹೊಸ ಬಟ್ಟೆಗೆ ಸೇರಿಸಿ ಹೊಲಿದು, ಸೊಸೆಗೆ ಎಳೆಯಲು ಹೇಳಿದೆವು. ಹಿಟ್ಟು ನಾದಿ ಗಟ್ಟಿಯಾದ ಕೈ ಅವಳದು. ಹತ್ತಿ ದಾರದ ಕಡೆ ಎಳೆದಳು, ದಾರ ಟಪ್ ಅಂತ ಕಿತ್ತುಹೋಯಿತು, ಬಟ್ಟೆ ಹಾಗೇ ಇತ್ತು. ನನ್ನ ಕಡೆ ಎಳೆದಳು. ದಾರಕ್ಕೆ ಏನೂ ಆಗಲಿಲ್ಲ. ಬಟ್ಟೆ ಮಾತ್ರ ಸೂಜಿ ತೂತಿನ ಸಾಲಿಗೆ ಸರಿಯಾಗಿ ಪರ್ರನೆ ಹರಿದು ಬಂತು. ನನ್ನ ದಾರ ನೆಟ್ಟಗೆ, ಹೊಸದರಂತೆ, ಗಾಳಿಯಲ್ಲಿ ನಿಂತಿತ್ತು. ಅದನ್ನು ಎಷ್ಟು ಬೈದರೂ ಕಡಿಮೆ ಅನ್ನಿಸಿತು.

"ದಾರ ಹೋದ್ರೆ ಹೋಗ್ಲಿ ಅತ್ತೆ," ಅಂದಳು ಸೊಸೆ. "ಬಟ್ಟೆ ಉಳೀಲಿ."

"ಕಿತ್ತುಹೋದ ದಿನ ನನ್ನ ಹತ್ರ ಬರ್ಬೇಡಿ," ಅಂದೆ. ಸೋತ ಮೇಲೂ ಮೀಸೆ ಮಣ್ಣಾಗಲಿಲ್ಲ ಅನ್ನಬೇಕಲ್ಲ, ಸುತ್ತಲಿನ ಅಂಚಿನ ಪಟ್ಟಿ ಮಾತ್ರ ನನ್ನದೇ ದಾರದಲ್ಲಿ ಮಿಷಿನ್ನಿನ ಮೇಲೇ ಆಗಬೇಕು ಅಂತ ಹಟ ಹಿಡಿದೆ. ಹೊಸ ಬಟ್ಟೆ, ಅದಕ್ಕೆ ನನ್ನ ದಾರ ಸರಿ ಅಂತ ಅಕ್ಕನೂ ಒಪ್ಪಿದಳು.

ಕೌದಿಯ ಅಡಿಬಟ್ಟೆ ಹಾಸಿ, ನಡುವೆ ಹಳೇ ಕಂಬಳಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿದ್ದಾಯಿತು. ಆದರೆ ಗುಂಡಿ ತನ್ನ ಬಟ್ಟೆ ಬಿಡಬೇಕಲ್ಲ. ಕಸಿದುಕೊಂಡರೆ ಕೊಟ್ಟುಬಿಡುತ್ತಾಳೆ, ತುಟಿಪಿಟಿಕ್ಕೆನ್ನದೆ ಕೊಟ್ಟುಬಿಡುತ್ತಾಳೆ, ಅದೇ ನನಗೆ ಹೆದರಿಕೆ.

"ನೀನು ಬಿಡೋದೇ ಬೇಡ," ಅಂದಳು ಅಕ್ಕ. "ಆ ಮೂಲೆ ಹಿಡ್ಕೊಂಡು ಇಲ್ಲೇ ಕೂತ್ಕೋ. ನಾನು ಈ ಕಡೆಯಿಂದ ಹೊಲ್ಕೊಂಡು ಬರ್ತೀನಿ."

ಹಾಗೇ ಆಯಿತು. ಕೌದಿಯ ಮೇಲೆ ಮಗು ಮೂಲೆ ಹಿಡಿದು ಕೂತಿತು, ಅಕ್ಕ ಆಚೆ ಬದಿಯಿಂದ ಸಣ್ಣಸಣ್ಣ ಹೊಲಿಗೆ ಹಾಕುತ್ತ, ತನ್ನ ಮಂಡಿನೋವಿನ ಕಥೆ ಹೇಳುತ್ತ, ಸಾಲು ಸಾಲಾಗಿ ಹತ್ತಿರ ಬಂದಳು. ಮರುದಿನವೂ ಅದೇ. ಕೊನೆಗೆ ಮಗುವಿನ ಮುಷ್ಟಿಯೊಂದೇ ಉಳಿಯಿತು.

"ಈಗ ಕೈ ತೆಗೆದ್ರೆ ಸರಿ. ಇಲ್ಲಾಂದ್ರೆ ನಿನ್ನನ್ನೂ ಸೇರಿಸಿ ಹೊಲೀತೀನಿ. ಆಮೇಲೆ ಸ್ನಾನ ಮಾಡ್ಸೋವಾಗ ಕೌದಿನೂ ಒದ್ದೆ."

ಗುಂಡಿ ಕೈ ತೆಗೆದಳು. ನಕ್ಕಳು ಅಂತ ಅಕ್ಕ ಆಣೆ ಮಾಡಿ ಹೇಳುತ್ತಾಳೆ. ನಾನು ನೋಡಲಿಲ್ಲ.

ಕೆಲವು ವಾರ ಎಲ್ಲ ಸರಿಯಾಗಿತ್ತು. ಸರಿ ಅಂದರೆ, ಮಗು ಕೌದಿ ಹೊದ್ದು ಮಲಗುತ್ತಿತ್ತು, ಬೆಳಿಗ್ಗೆ ಮಡಚಿ ಇಡುತ್ತಿತ್ತು, ನೀರು ಕೇಳುತ್ತಿರಲಿಲ್ಲ. ಸೊಸೆ ಈಗ ಎಲ್ಲ ಕಡೆ ಲೋಟದಲ್ಲಿ ನೀರು ತುಂಬಿ ಇಟ್ಟಿರುತ್ತಿದ್ದಳು. ಕಿಟಕಿ ಮೇಲೆ, ಮೆಟ್ಟಿಲ ಮೇಲೆ, ನನ್ನ ಮಿಷಿನ್ನಿನ ಪಕ್ಕ. ಒಂದು ಲೋಟ ಉರುಳಿ, ರಿಪೇರಿಗೆ ಬಂದಿದ್ದ ಮೇಷ್ಟರ ಕೋಟು ಒದ್ದೆಯಾದಾಗಲೂ ನಾನು ಬೈಯಲಿಲ್ಲ.

ಒಂದು ದಿನ ಮಧ್ಯಾಹ್ನ ಊಟ ಆದ ಮೇಲೆ ಒಗೆದ ಬಟ್ಟೆ ಇಡಲು ಮಹಡಿಗೆ ಹೋದೆ. ಗುಂಡಿಯ ಹಾಸಿಗೆಯ ಮೇಲೆ ಕೌದಿ ಇಲ್ಲ. ಮಂಚದ ಕೆಳಗೆ ಇಲ್ಲ, ಬೀರುವಿನಲ್ಲಿ ಇಲ್ಲ. ಕೆಳಗೆ ಬಂದು ಹುಡುಕಿದರೆ, ಅಕ್ಕನ ಕೋಣೆಯಲ್ಲಿ ಚಿಂದಿ ತುಂಬಿದ ಮೂಟೆಯ ತಳದಲ್ಲಿ ಸಿಕ್ಕಿತು. ನೀಲಿ ಬಟ್ಟೆಯ ಒಂದು ಬದಿಯ ಹೊಲಿಗೆಯೆಲ್ಲ ಕಿತ್ತು, ಬಾಯಿ ತೆರೆದಿತ್ತು. ಮಲಗುವಾಗ ಎಳೆ ಹುಡುಕುವ ಬೆರಳಿಗೆ ದಾರ ಸಿಕ್ಕಿದೆ.

ಸತ್ಯ ಹೇಳಬೇಕೆಂದರೆ ನನಗೆ ಮೊದಲು ಖುಷಿಯಾಯಿತು. ಗೆದ್ದೆ ಅನ್ನಿಸಿತು. ಕೌದಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಹಿತ್ತಲಲ್ಲಿದ್ದ ಅಕ್ಕನಿಗೆ ಕೇಳುವ ಹಾಗೆ ಕೂಗಿದೆ. "ನೋಡು ಬಾ ಅಕ್ಕ! ಕಿತ್ತುಹೋಗಿದೆ! ನಾನು ಹೇಳ್ಲಿಲ್ವಾ? ಅವತ್ತೇ ಹೇಳ್ಲಿಲ್ವಾ?"

ಹಾಗೇ ಕೂಗುತ್ತ ಅಂಗಡಿಗೆ ಬಂದವಳು ನಿಂತುಬಿಟ್ಟೆ.

ಬಾಗಿಲ ಪಕ್ಕ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಗುಂಡಿ ಕೂತಿದ್ದಳು. ಶೂ ಹಾಕಿಕೊಂಡಿದ್ದಳು, ಎಡದ್ದು ಬಲಗಾಲಿಗೆ, ಬಲದ್ದು ಎಡಗಾಲಿಗೆ. ತೊಡೆಯ ಮೇಲೆ ಅವಳು ಬಂದ ದಿನ ತಂದಿದ್ದ ಚೀಲ. ಅದರ ಬಾಯಿಂದ ಹಲ್ಲುಜ್ಜುವ ಬ್ರಷ್ಷು ಇಣುಕುತ್ತಿತ್ತು. ನಾವು ಕೊಡಿಸಿದ ಬಟ್ಟೆ ಒಂದೂ ಅದರಲ್ಲಿರಲಿಲ್ಲ.

"ಎಲ್ಲಿಗೇ ಹೊರಟೆ?" ಅಂದೆ.

"ವಾಪಸ್," ಅಂದಳು.

ಅಳುತ್ತಿರಲಿಲ್ಲ. ಬಸ್ಸಿಗೆ ಕಾಯುವವರು ಊರಿನ ಹೆಸರು ಹೇಳುತ್ತಾರಲ್ಲ, ಹಾಗೆ ಹೇಳಿದಳು. ಹೊಲಿದದ್ದು ವಾಪಸ್ ಬರಲ್ಲ, ಹರಿದದ್ದು ಈ ಮನೆಯಲ್ಲಿ ಆಗಿಬರಲ್ಲ ಅಂತ ಬಂದ ದಿನದಿಂದ ಅವಳು ನನ್ನ ಬಾಯಲ್ಲೇ ಕೇಳಿದ್ದಾಳೆ. ಈಗ ಕೂಗಿದ್ದನ್ನೂ ಕೇಳಿದ್ದಾಳೆ.

"ನಿನ್ನನ್ನ ಯಾರೂ ಎಲ್ಲಿಗೂ ಕಳಿಸಲ್ಲ," ಅಂದೆ. ಮಗು ತಲೆಯಾಡಿಸಿತು, ಕೆಳಗೆ ಇಳಿಯಲಿಲ್ಲ. ಆ ಇನ್ನೊಂದು ಮನೆಯವರೂ ಇದನ್ನೇ ಹೇಳಿರುತ್ತಾರೆ ಅಂತ ಆಗ ಹೊಳೆಯಿತು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕೈಯಲ್ಲಿದ್ದ ಕೌದಿ ನೋಡಿದಳು, ಮಗುವಿನ ಶೂ ನೋಡಿದಳು. ನೇರವಾಗಿ ನನ್ನ ಮಿಷಿನ್ನಿನ ಹತ್ತಿರ ಹೋಗಿ, ಬಗ್ಗಿ, ಪೆಡಲಿನ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದ ಕಪ್ಪು ಚೀಲವನ್ನು ಎಳೆದಳು.

"ಅಕ್ಕ, ಅದು ಬೇಡ," ಅಂದೆ.

"ಬಾರಮ್ಮ ಇಲ್ಲಿ," ಅಂದಳು ಅವಳು ಗುಂಡಿಗೆ. "ನಿಮ್ಮಜ್ಜಿ ಹೊಲಿದದ್ದು ವಾಪಸ್ ಬರಲ್ಲ ಅಂತ ಬಡಾಯಿ ಕೊಚ್ತಾಳಲ್ಲ, ಒಂದು ತಮಾಷೆ ತೋರಿಸ್ತೀನಿ."

ಚೀಲ ತಲೆಕೆಳಗು ಮಾಡಿದಳು. ನನ್ನ ಮಾನ ನೆಲದ ಮೇಲೆ ರಾಶಿ ಬಿತ್ತು. ಕೂರುವ ಜಾಗದಲ್ಲಿ ಬಿಚ್ಚಿಕೊಂಡ ಅಂಚೆಯವನ ಪ್ಯಾಂಟು. ಒಳಗಿನ ಲೈನಿಂಗ್ ನೇತಾಡುವ ಮೇಷ್ಟರ ಕೋಟು. ಜಿಪ್ಪು ಕಚ್ಚಿಕೊಂಡ ಜಾಕೆಟ್ಟು. ಚಪ್ಪಲಿ ಅಂಗಡಿಯವನ ಅಂಗಿ, ತೋಳು ಕಂಕುಳಲ್ಲಿ ಬಿಟ್ಟದ್ದು. ಅದಕ್ಕೇ ಅವನು ಅಷ್ಟು ಅಣಕಿಸುವುದು. ಬೇರೆ ದಿನವಾಗಿದ್ದರೆ ಅಕ್ಕನ ಜೊತೆ ತಿಂಗಳು ಮಾತು ಬಿಡುತ್ತಿದ್ದೆ.

ಗುಂಡಿ ಸ್ಟೂಲಿನಿಂದ ಇಳಿದಳು. ಪ್ಯಾಂಟನ್ನು ಮುಟ್ಟಿದಳು, ಬಿಚ್ಚಿದ ಜಾಗದಲ್ಲಿ ಬೆರಳು ತೂರಿಸಿ ನೋಡಿದಳು.

"ಇದನ್ನ ಬಿಸಾಕಲ್ವಾ?"

ಕೇಳಿದ್ದು ನನ್ನನ್ನು. ನಾನು ನೆಲದ ಮೇಲೆ ಕೂತೆ.

"ಬಿಸಾಕ್ತಾರೇನೇ? ಹೊಲಿದು ಕೊಡ್ತೀವಿ."

"ಮತ್ತೆ ಹರಿದ್ರೆ?"

"ಮತ್ತೆ ಹೊಲೀತೀವಿ. ಈ ಪ್ಯಾಂಟು ಇದು ಮೂರನೇ ಸಲ ಬಂದಿರೋದು. ಅಂಚೆಯವನಿಗೆ ಸೈಕಲ್ ತುಳಿಯೋದು ಬಿಡು ಅನ್ನೋಕಾಗುತ್ತಾ? ಯಾವ್ದೂ ಹರೀದೇ ಇದ್ರೆ ನಾವಿಬ್ರೂ ಕೈ ಕಟ್ಕೊಂಡು ನೊಣ ಹೊಡೀಬೇಕಷ್ಟೆ."

ನಾನು ಕೌದಿ ಹೊಲಿಯೋಣವೆಂದು ಸೂಜಿಗೆ ಕೈ ಹಾಕಿದೆ. ಗುಂಡಿ ನನ್ನ ತೊಡೆಯಿಂದ ಕೌದಿಯನ್ನು ಎಳೆದುಕೊಂಡು, ಎರಡೂ ಕೈಯಲ್ಲಿ ತಬ್ಬಿ ಹಿಡಿದು, ಮತ್ತೆ ಸ್ಟೂಲ್ ಹತ್ತಿ ಕೂತಳು. ಶೂ ಬಿಚ್ಚಲಿಲ್ಲ. ಏನಕ್ಕೆ ಕಾಯುತ್ತಿದ್ದಾಳೆಂದು ನಮಗೆ ತಿಳಿಯಲಿಲ್ಲ. ಅಕ್ಕ ಕಣ್ಸನ್ನೆ ಮಾಡಿದಳು, ಇಬ್ಬರೂ ಸುಮ್ಮನೆ ರಾಶಿ ಬಟ್ಟೆ ಮಡಚುತ್ತ ಕೂತೆವು.

ಸೊಸೆ ಬಂದಳು. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ತಲೆಯಲ್ಲಿ ಹಿಟ್ಟು. ಶೂ, ಚೀಲ, ಬ್ರಷ್ಷು ಒಂದೊಂದಾಗಿ ಅವಳ ಕಣ್ಣಿಗೆ ಬಿದ್ದವು. ಅವಳು ಬಾಯಿ ತೆರೆಯುವ ಮೊದಲೇ ಗುಂಡಿ ಸ್ಟೂಲಿನಿಂದ ಇಳಿದು, ಅವಳ ಮುಂದೆ ನಿಂತು, ಕೌದಿಯನ್ನು ಎತ್ತಿ ಹಿಡಿದಳು.

"ನಾನು ಕಿತ್ತುಬಿಟ್ಟೆ," ಅಂದಳು. "ಹೊಲಿದು ಕೊಡ್ತೀಯಾ?"

ಈ ಬೀದಿಯಲ್ಲಿ ಹೊಲಿಗೆ ಅಂದರೆ ಏನೆಂದೇ ಗೊತ್ತಿಲ್ಲದವಳು ಯಾರಾದರೂ ಇದ್ದರೆ ಅದು ನಮ್ಮ ಸೊಸೆ. ಅಂಗಿಗೆ ಗುಂಡಿ ಹಚ್ಚಲು ಕೊಟ್ಟರೆ ಅಂಗಿಯನ್ನು ತನ್ನ ಬಟ್ಟೆಗೇ ಸೇರಿಸಿ ಹೊಲಿದುಕೊಂಡವಳು. ಇಬ್ಬಿಬ್ಬರು ಕಸುಬಿನವರು ಪಕ್ಕದಲ್ಲಿ ಕೂತಿದ್ದರೂ ಮಗು ಹೋಗಿ ಕೇಳಿದ್ದು ಅವಳನ್ನು. ನನಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು.

"ಕೊಡ್ತೀನಿ," ಅಂದಳು ಸೊಸೆ. "ಈಗ್ಲೇ ಕೊಡ್ತೀನಿ."

ಬ್ರೆಡ್ಡು ಅಲ್ಲೇ ಬಿಟ್ಟು ನೆಲದ ಮೇಲೆ ಕೂತಳು. ಅಕ್ಕ ಹತ್ತಿ ದಾರ ಪೋಣಿಸಿ ಕೊಟ್ಟಳು. ಸೊಸೆ ಹಾಕಿದ ಹೊಲಿಗೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ಗುಂಡಿ ಅವಳ ಮಂಡಿಗೆ ತಾಗಿ ಕೂತು ಪ್ರತಿ ಹೊಲಿಗೆಯನ್ನೂ ನೋಡುತ್ತಿದ್ದಳು. ನಾನು ನಾಲಿಗೆ ಕಚ್ಚಿಕೊಂಡೆ. ಬಿಚ್ಚಿ ಸರಿಯಾಗಿ ಹಾಕು ಅನ್ನುವ ಮಾತು ಗಂಟಲವರೆಗೆ ಬಂದು ಬಂದು ಹೋಯಿತು. ಹೊಲಿಗೆ ಮುಗಿಯುವ ಹೊತ್ತಿಗೆ ಮಗುವಿನ ಒಂದು ಶೂ ಕಾಲಿನಿಂದ ತಾನಾಗಿ ಜಾರಿತ್ತು. ಇನ್ನೊಂದನ್ನು ಅವಳೇ ಬಿಚ್ಚಿದಳು.

ಆ ಹೊಲಿಗೆ ಎಷ್ಟು ದಿನ ನಿಂತೀತು? ಅದೇ ವಾರ ಒಂದು ಸಂಜೆ, ನಾನು ಅಂಚೆಯವನ ಪ್ಯಾಂಟು ಮುಗಿಸುತ್ತಿದ್ದೆ. ಸೊಸೆ ಹಿಂದಿನ ಕೋಣೆಯಲ್ಲಿ ಅಕ್ಕನ ಹತ್ತಿರ ಗಂಟು ಹಾಕುವುದನ್ನು ಕಲಿಯುತ್ತಿದ್ದಳು. ದಾರದ ತುದಿಯನ್ನು ಬೆರಳಿಗೆ ಸುತ್ತಿ, ಉರುಳಿಸಿ, ಎಳೆಯಬೇಕು. ಅವಳು ಉರುಳಿಸಿದರೆ ಬಿಚ್ಚಿಕೊಳ್ಳುತ್ತಿತ್ತು.

ಮಹಡಿಯ ಮೇಲಿಂದ ದಡದಡ ಸದ್ದು ಬಂತು. ಆಮೇಲೆ ಮೆಟ್ಟಿಲ ತುದಿಯಿಂದ, ಮನೆಯೆಲ್ಲ ಕೇಳುವ ಹಾಗೆ, ಒಂದು ಕೂಗು.

"ಅಮ್ಮಾ! ಮತ್ತೆ ಕಿತ್ತೋಯ್ತು! ಬರೋವಾಗ ನೀರೂ ತಗೊಂಡ್ ಬಾ!"

ನನ್ನ ಮಿಷಿನ್ನು ನಿಂತಿತು. ಸೊಸೆ ಎದ್ದಳು, ಸೂಜಿ ಬೀಳಿಸಿದಳು, ಬರಿಗೈಯಲ್ಲಿ ಅರ್ಧ ಮೆಟ್ಟಿಲು ಹತ್ತಿ, ನೀರು ನೆನಪಾಗಿ ಇಳಿದು ಬಂದು, ಲೋಟ ತುಂಬಿಸಿ, ಅರ್ಧ ಚೆಲ್ಲುತ್ತ ಮತ್ತೆ ಓಡಿದಳು.

ಅಕ್ಕ ನೆಲದ ಮೇಲಿನ ಸೂಜಿ ಹುಡುಕಿ ಎತ್ತಿಕೊಂಡಳು. ಮೂಗು ಒರೆಸಿಕೊಂಡು, "ಇವಳಿಗೆ ಗಂಟು ಹಾಕೋದು ಗಟ್ಟಿಯಾಗಿ ಕಲಿಸ್ಬೇಕು," ಅಂದಳು.

"ಬೇಡ ಕಣೇ ಅಕ್ಕ," ಅಂದೆ. "ಅವಸರ ಏನು? ಇನ್ನೂ ಸ್ವಲ್ಪ ದಿನ ಕಿತ್ಕೊಂಡೇ ಬರ್ಲಿ."